ಒಂದೊಂದು ಬಣ್ಣದ ಬೆಳಕಿಗೆ ಒಂದೊಂದೇ ಅಣು ತಿರುಗಬೇಕು: ಇದು ಯಾಕೆ ಇಷ್ಟು ಕಷ್ಟ?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಬೆಳಕು ಬಿದ್ದರೆ ಆಕಾರ ಬದಲಿಸುವ ಅಣುಗಳ ಬಗ್ಗೆ ಕೆಲವು ಕಾಲದಿಂದ ಓದುತ್ತಿದ್ದೇನೆ. ಇವನ್ನು ಸ್ವಿಚ್ ಅಂತಾರೆ. ಒಂದೇ ಸ್ವಿಚ್ ಇದ್ದಾಗ ಏನಾಗುತ್ತದೆ ಅನ್ನುವುದು ಗೊತ್ತಾಗಿದೆ. ಅಜೋಬೆಂಜೀನ್ ಅನ್ನುವ ಇಂಥ ಅಣುವಿನ ಮೇಲೆ 365 ನ್ಯಾನೋಮೀಟರ್ ಆಸುಪಾಸಿನ ಯುವಿ ಬಿದ್ದರೆ ಉದ್ದಕ್ಕೆ ಚಾಚಿಕೊಂಡಿದ್ದ ಟ್ರಾನ್ಸ್ ರೂಪ ಮಡಚಿಕೊಂಡು ಸಿಸ್ ಆಗುತ್ತದೆ. ನೀಲಿ ಬೆಳಕು ಬಿಟ್ಟರೆ ಅಥವಾ ಸುಮ್ನೆ ಕತ್ತಲಲ್ಲಿ ಇಟ್ಟರೂ ಮತ್ತೆ ನೆಟ್ಟಗಾಗುತ್ತದೆ.

ನನಗೆ ಬಿಡಿಸಲಾಗದ ಗಂಟು ಅಂದರೆ ಮುಂದಿನದು. ಒಂದೇ ದ್ರಾವಣದಲ್ಲಿ ಎರಡು ಬಗೆಯ ಸ್ವಿಚ್ ಇಟ್ಟು, ಒಂದನ್ನು ಒಂದು ಬಣ್ಣದಿಂದ, ಇನ್ನೊಂದನ್ನು ಬೇರೆ ಬಣ್ಣದಿಂದ ಆಡಿಸಬೇಕು. ಒಂದನ್ನು ಮುಟ್ಟಿದಾಗ ಇನ್ನೊಂದು ಅಲುಗಾಡಬಾರದು. ಎರಡು ಸ್ವಿಚ್ ಇದ್ದರೆ 4 ಸ್ಥಿತಿ, ಮೂರು ಇದ್ದರೆ 8. ಕಾಗದದ ಮೇಲೆ ಬಹಳ ಸರಳ. ಒಂದು ಯುವಿಯನ್ನು ಹೀರುವ ಅಣು, ಒಂದು ಕೆಂಪನ್ನು ಹೀರುವ ಅಣು ಆರಿಸಿಕೊಂಡರೆ ಮುಗೀತಲ್ವಾ? ಹಾಗಿದ್ದರೂ ಈ ಕ್ಷೇತ್ರದವರೆಲ್ಲ ಇದನ್ನು ದೊಡ್ಡ ಸವಾಲು ಅಂತಲೇ ಬರೆಯುತ್ತಾರೆ. ಎಲ್ಲಿದೆ ತೊಡಕು?

ಬೆಂಚ್‌ಕೆಮಿಸ್ಟ್

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದಕ್ಕೇ ಉತ್ತರ ಕೊಡುತ್ತೇನೆ, ಯಾಕಂದ್ರೆ ತೊಡಕು ಇರುವ ಜಾಗ ಬಹಳ ಜನ ಹುಡುಕುವ ಜಾಗವಲ್ಲ.

'ಈ ಅಣು 570 ನ್ಯಾನೋಮೀಟರ್ ಬೆಳಕು ಹೀರುತ್ತದೆ' ಅಂತ ಬರೆದಿದ್ದನ್ನು ಓದಿದಾಗ ಅಲ್ಲಿ ಒಂದು ಗೆರೆ ಇದೆ ಅನ್ನಿಸುತ್ತದೆ. ಯಾವ ತರಂಗಾಂತರವನ್ನು ಎಷ್ಟು ಹೀರುತ್ತದೆ ಅನ್ನುವ ಗ್ರಾಫ್ ನೋಡಿದರೆ, ನಿಜಕ್ಕೂ ಅಲ್ಲಿರುವುದು ಅಗಲವಾದ ಗುಡ್ಡ. 570 ಅದರ ತುದಿ, ಅಷ್ಟೇ. ಗುಡ್ಡದ ಇಳಿಜಾರು ಎರಡೂ ಕಡೆ ಹತ್ತಾರು ನ್ಯಾನೋಮೀಟರ್ ಹರಡಿಕೊಂಡಿರುತ್ತದೆ. ಅದರ ಮೇಲೆ ಎಲ್‌ಇಡಿಯದ್ದೂ ಒಂದೇ ಬಣ್ಣ ಅಲ್ಲ, ಅದರ ಪಟ್ಟಿಯೂ ಸಾಮಾನ್ಯವಾಗಿ 20-30 ನ್ಯಾನೋಮೀಟರ್ ಅಗಲ ಇರುತ್ತದೆ.

ಆದರೆ ಇದು ಚಿಕ್ಕ ತೊಡಕು. ದೊಡ್ಡದು ಬೇರೆ. ಯಾವ ಅಣುವನ್ನೇ ತೆಗೆದುಕೊಳ್ಳಿ, ಅದರ ಮುಖ್ಯ ಗುಡ್ಡದ ಎಡಗಡೆ, ಅಂದರೆ ಕಡಿಮೆ ತರಂಗಾಂತರದ ಕಡೆ, ಇನ್ನಷ್ಟು ಗುಡ್ಡಗಳು ಇರುತ್ತವೆ. ಅವು ಅಣುವಿನ ಮೇಲಿನ ಉದ್ರೇಕ ಸ್ಥಿತಿಗಳು, ಅಂದರೆ ಬೆಳಕಿನ ಶಕ್ತಿ ಹೀರಿದಾಗ ಅಣು ಏರುವ ಮೆಟ್ಟಿಲುಗಳು. ಕೆಂಪನ್ನು ಹೀರುವ ಅಣು ಯುವಿಯನ್ನೂ ಒಂದಷ್ಟು ಹೀರಿಯೇ ಹೀರುತ್ತದೆ. ಹೀರಿದ ಮೇಲೆ ಬಹುತೇಕ ಅಣುಗಳು ತಟ್ಟನೆ ಕೆಳಗಿನ ಉದ್ರೇಕ ಸ್ಥಿತಿಗೆ ಇಳಿದು ಅಲ್ಲಿಂದ ಅದೇ ಕೆಲಸ ಮಾಡಿಬಿಡುತ್ತವೆ.

ಲೆಕ್ಕ ಹಾಕಿ ನೋಡಿ. 1240ನ್ನು ತರಂಗಾಂತರದಿಂದ ಭಾಗಿಸಿದರೆ ಫೋಟಾನ್‌ನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. 365ಕ್ಕೆ ಸುಮಾರು 3.4. 660ಕ್ಕೆ ಸುಮಾರು 1.9. ಯುವಿ ಸ್ವಿಚ್ಚಿಗೆ 3.4 ಬೇಕು ಅಂದರೆ 1.9ರ ಫೋಟಾನ್‌ಗೆ ಅದನ್ನು ಅಲುಗಿಸಲು ತಾಕತ್ತೇ ಇಲ್ಲ. ಹಾಗಾಗಿ ಕೆಂಪು ಬೆಳಕು ಯುವಿ ಸ್ವಿಚ್ಚನ್ನು ಮುಟ್ಟುವುದಿಲ್ಲ ಅನ್ನುವುದು ಗ್ಯಾರಂಟಿ. ತಿರುಗಿಸಿ ನೋಡಿದರೆ ಆ ಗ್ಯಾರಂಟಿ ಇಲ್ಲ. 3.4 ಇರುವ ಫೋಟಾನ್ ಕೆಂಪು ಸ್ವಿಚ್ಚಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಹೊತ್ತು ತಂದಿರುತ್ತದೆ.

ಅಂದರೆ ಒಂದು ದಿಕ್ಕಿನ ಸ್ವಾತಂತ್ರ್ಯ ಪ್ರಕೃತಿಯೇ ಪುಕ್ಕಟೆ ಕೊಡುತ್ತದೆ. ಇನ್ನೊಂದು ದಿಕ್ಕಿನದ್ದನ್ನು ನಾವು ದುಡಿದು ಸಂಪಾದಿಸಬೇಕು. ಈ ಕ್ಷೇತ್ರದ ಅರ್ಧಕ್ಕಿಂತ ಜಾಸ್ತಿ ಶ್ರಮ ಹೋಗುವುದು ಅಲ್ಲಿಗೇ. ಎರಡು ಗುಡ್ಡದ ತುದಿಗಳು ಎಷ್ಟು ದೂರ ಇವೆ ಅಂತ ನೋಡುವುದನ್ನು ಬಿಟ್ಟು, ಕೆಂಪು ಸ್ವಿಚ್ಚಿನ ಗ್ರಾಫ್‌ನಲ್ಲಿ ಯುವಿ ಕಡೆ ಎಲ್ಲಾದರೂ ತಗ್ಗು ಇದೆಯಾ ಅಂತ ಮೊದಲು ನೋಡಿ.

ಹೊಸ_ಓದುಗ

ಇದು ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಎರಡೂ ದಿಕ್ಕಿನಲ್ಲಿ ನಿಜವಾಗಿಯೂ ಕೆಲಸ ಮಾಡಿದ ಉದಾಹರಣೆ ಇದೆಯಾ?

ಬೆಂಚ್‌ಕೆಮಿಸ್ಟ್

ಇದೆ. 2016ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಬೆನ್ ಫೆರಿಂಗಾ ಅವರ ಗುಂಪು ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಪ್ರಕಟಿಸಿದ ಕೆಲಸ. ಅಣು ಯಂತ್ರಗಳಿಗಾಗಿ ಫೆರಿಂಗಾ, ಸೊವಾಜ್ ಮತ್ತು ಸ್ಟಾಡರ್ಟ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಇವರು ಜೋಡಿಸಿದ್ದು ಅಜೋಬೆಂಜೀನ್ ಮತ್ತು ಡಾಸಾ ಅನ್ನುವ ಎರಡು ಸ್ವಿಚ್‌ಗಳನ್ನು.

ಡಾಸಾ ಅಂದರೆ ಡೋನರ್-ಆಕ್ಸೆಪ್ಟರ್ ಸ್ಟೆನ್‌ಹೌಸ್ ಆಡಕ್ಟ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದಲ್ಲಿ ಹವಿಯೆರ್ ರೀಡ್ ಡಿ ಅಲಾನಿಜ್ ಅವರ ಗುಂಪು 2014ರಲ್ಲಿ ಇದನ್ನು ಸ್ವಿಚ್ ಆಗಿ ಪರಿಚಯಿಸಿತು. ಇದರ ಮೂಲ ಸಾಮಗ್ರಿ ಫರ್ಫುರಾಲ್, ಕೃಷಿ ತ್ಯಾಜ್ಯದಿಂದಲೇ ಬರುವ ವಸ್ತು. ಡಾಸಾ ಇರುವ ಟಾಲ್ಯೂಈನ್ ದ್ರಾವಣ ಗಾಢ ಗುಲಾಬಿಯೋ ನೇರಳೆಯೋ ಇರುತ್ತದೆ. ಹಸಿರು-ಹಳದಿ ಬೆಳಕು ಬಿಟ್ಟರೆ ಬಣ್ಣ ಹೋಗಿ ನೀರಿನ ಹಾಗೆ ತಿಳಿಯಾಗುತ್ತದೆ. ಉದ್ದನೆಯ ಬಣ್ಣದ ಸರಪಳಿ ಸುತ್ತಿಕೊಂಡು ಉಂಗುರವಾಗಿ ಮುಚ್ಚಿಕೊಳ್ಳುತ್ತದೆ. ಬೆಳಕು ಆರಿಸಿ ಕತ್ತಲಲ್ಲಿ ಬಿಟ್ಟರೆ ನಿಮಿಷಗಳ ಲೆಕ್ಕದಲ್ಲಿ ಬಣ್ಣ ತಾನಾಗಿಯೇ ಮರಳುತ್ತದೆ.

ಈ ಜೋಡಿ ಯಾಕೆ ಗೆದ್ದಿತು ಅಂತ ನೋಡಿ. ಡಾಸಾದ ಗ್ರಾಫ್‌ನಲ್ಲಿ 550 ಆಸುಪಾಸು ಎತ್ತರದ ಚೂಪು ಗುಡ್ಡ ಇದೆ. ಅದರ ಎಡಕ್ಕೆ, ಸುಮಾರು 350ರಿಂದ 450ರ ತನಕ, ಹೀರುವಿಕೆ ತೀರಾ ಕಡಿಮೆ. ನಾನು ಮೇಲೆ ಹೇಳಿದ ತಗ್ಗು ಇದೇ. ಅಜೋಬೆಂಜೀನ್ ತನ್ನ ಹೋಗುವ ಬರುವ ಕೆಲಸ ಎರಡನ್ನೂ ಆ ತಗ್ಗಿನೊಳಗೇ ಮುಗಿಸುತ್ತದೆ. ಯುವಿಯಲ್ಲಿ ಸಿಸ್, ನೀಲಿಯಲ್ಲಿ ಟ್ರಾನ್ಸ್. ಡಾಸಾಗೆ ವಾಪಸ್ ಬರಲು ಬೆಳಕೇ ಬೇಡ, ಉಷ್ಣ ಸಾಕು. ಹಾಗಾಗಿ ನಾಲ್ಕು ಬಣ್ಣ ಹುಡುಕುವ ಗೋಜಿಲ್ಲ, ಮೂರರಲ್ಲೇ ಕೆಲಸ ಆಗುತ್ತದೆ.

ಸ್ಪೆಕ್ಟ್ರೋಮೀಟರ್ ಮುಂದೆ ಕೂತು ಇದನ್ನು ನೋಡುವುದೇ ಒಂದು ಸಂತೋಷ. ಹಸಿರು ಬೆಳಕು ಬಿಟ್ಟಾಗ ಬಲಗಡೆಯ ಗುಡ್ಡ ಕುಸಿಯುತ್ತಾ ಹೋಗುತ್ತದೆ, ಎಡಗಡೆಯ ಗುಡ್ಡ ಇದ್ದ ಹಾಗೇ ನಿಂತಿರುತ್ತದೆ. ಯುವಿ ಬಿಟ್ಟಾಗ ಎಡಗಡೆಯದ್ದು ತಗ್ಗುತ್ತದೆ, 440ರ ಹತ್ತಿರ ಒಂದು ಪುಟ್ಟ ಉಬ್ಬು ಏಳುತ್ತದೆ. ಬಲಗಡೆಯ ಗುಲಾಬಿ ಬಣ್ಣ ಹಾಗೇ ಉಳಿದಿರುತ್ತದೆ.

ಪಾಲಿಮರ್_ಪ್ರಿಯ

ಒಳ್ಳೆಯ ವಿವರಣೆ. ಆದರೆ ಡಾಸಾದ ಮಿತಿಗಳನ್ನೂ ಹೇಳಬೇಕಲ್ವಾ? ಮೊದಲ ತಲೆಮಾರಿನ ಡಾಸಾ ನೀರಿನಲ್ಲಿ ಬಣ್ಣ ಕಳೆದುಕೊಂಡರೆ ವಾಪಸ್ ಬರುವುದೇ ಇಲ್ಲ. ಮುಚ್ಚಿದ ರೂಪದಲ್ಲಿ ಧನ-ಋಣ ಆವೇಶಗಳು ಬೇರೆ ಬೇರೆ ಕಡೆ ಕೂತಿರುತ್ತವೆ, ನೀರು ಅದನ್ನು ಹಿಡಿದುಕೊಂಡುಬಿಡುತ್ತದೆ. ಟಾಲ್ಯೂಈನ್‌ನಲ್ಲಿ ಚೆಂದ ಕಂಡದ್ದು ಜೀವಕೋಶದೊಳಗೆ ನಡೆಯುತ್ತದೆ ಅಂತ ಯಾರೂ ಅಂದುಕೊಳ್ಳಬಾರದು. ಮತ್ತೆ ಮತ್ತೆ ತಿರುಗಿಸಿದರೆ ಸವೆಯುವುದೂ ಜಾಸ್ತಿ. 1988ರಲ್ಲಿ ಮಸಾಹಿರೊ ಇರಿಯೆ ಅವರ ಕಡೆಯಿಂದ ಬಂದ ಡೈಅರೈಲ್‌ಈಥೀನ್ ಅನ್ನುವ ಇನ್ನೊಂದು ಜಾತಿಯ ಸ್ವಿಚ್‌ಗಳು ಹತ್ತು ಸಾವಿರಕ್ಕೂ ಜಾಸ್ತಿ ಸಲ ಆಡಿಸಿದರೂ ಬಾಳುತ್ತವೆ, ಡಾಸಾ ಅದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನೊಂದು ಮಾತು. ಹೀರುವಿಕೆಯ ಗ್ರಾಫ್ ಒಂದನ್ನೇ ನಂಬಬೇಡಿ. ಬ್ರಿಸ್ಬೇನಿನ ಕ್ರಿಸ್ಟೋಫರ್ ಬಾರ್ನರ್-ಕೊವೊಲಿಕ್ ಅವರ ಗುಂಪು ಲೇಸರ್ ಬಳಸಿ, ಪ್ರತಿ ತರಂಗಾಂತರದಲ್ಲೂ ಅಷ್ಟೇ ಸಂಖ್ಯೆಯ ಫೋಟಾನ್ ಕೊಟ್ಟು, ಎಷ್ಟು ಅಣುಗಳು ನಿಜವಾಗಿ ಪ್ರತಿಕ್ರಿಯಿಸಿದವು ಅಂತ ಎಣಿಸುತ್ತಾ ಬಂದಿದೆ. ಇದನ್ನು ಆಕ್ಷನ್ ಪ್ಲಾಟ್ ಅಂತಾರೆ. ಬಹಳಷ್ಟು ಪ್ರತಿಕ್ರಿಯೆಗಳಲ್ಲಿ ಹೀರುವಿಕೆಯ ತುದಿ ಒಂದು ಕಡೆ ಇದ್ದರೆ, ಪ್ರತಿಕ್ರಿಯೆ ಜೋರಾಗಿ ನಡೆಯುವ ಜಾಗ ಅದಕ್ಕಿಂತ ಸಾಕಷ್ಟು ಕೆಂಪಿನ ಕಡೆ ಸರಿದಿರುತ್ತದೆ. ಗ್ರಾಫ್‌ನಲ್ಲಿ ಹೀರುವಿಕೆ ಬಹುತೇಕ ಸೊನ್ನೆ ಅನ್ನಿಸುವ ಬಾಲದಲ್ಲೂ ಅಣು ಚುರುಕಾಗಿ ಕೆಲಸ ಮಾಡುತ್ತಿರಬಹುದು. 'ಇಲ್ಲಿ ಹೀರುವುದಿಲ್ಲ, ಹಾಗಾಗಿ ಇಲ್ಲಿ ಸೇಫ್' ಅನ್ನುವ ತರ್ಕಕ್ಕೆ ಇದು ನೇರ ಪೆಟ್ಟು.

ಮಳೆಬಿಲ್ಲು

ಹೀರುವುದು ಕಡಿಮೆ, ಆದರೂ ಕೆಲಸ ಜಾಸ್ತಿ! ಇದು ನಾನು ಊಹಿಸದ ವಿಷಯ. ಇನ್ನೊಂದು ಸಂದೇಹ. ಕೆಂಪನ್ನು ಮೊದಲು, ಯುವಿಯನ್ನು ಆಮೇಲೆ ಬಿಟ್ಟರೆ ಆಯಿತಲ್ವಾ? ಕೆಂಪು ಬಿಟ್ಟಾಗ ಯುವಿ ಸ್ವಿಚ್ ಅಲುಗುವುದಿಲ್ಲ. ಯುವಿ ಬಿಡುವ ಹೊತ್ತಿಗೆ ಕೆಂಪು ಸ್ವಿಚ್ ಆಗಲೇ ತಿರುಗಿ ಮುಗಿದಿರುತ್ತದೆ.

ಬೆಂಚ್‌ಕೆಮಿಸ್ಟ್

ಒಂದೇ ಸಲ ಕೆಲಸ ಮಾಡುವ ವ್ಯವಸ್ಥೆಗಳಲ್ಲಿ ಅದನ್ನೇ ಮಾಡುತ್ತಾರೆ. ಬೆಳಕಿನಿಂದ ಕತ್ತರಿಸಿ ಬೀಳುವ ರಕ್ಷಕ ಗುಂಪುಗಳಲ್ಲಿ, ಅಂದರೆ ಅಣುವಿನ ಒಂದು ಭಾಗ ಕೆಲಸ ಮಾಡದಂತೆ ತಾತ್ಕಾಲಿಕವಾಗಿ ಮುಚ್ಚಿಡುವ ತುಣುಕುಗಳಲ್ಲಿ, ಈ ಕ್ರಮ ಬಹಳ ಕಾಲದಿಂದ ಇದೆ. 2000ದ ಸುಮಾರಿಗೆ ಕ್ರಿಸ್ಟಿಯನ್ ಬೋಶೆ ಅವರು 254 ಮತ್ತು 420 ನ್ಯಾನೋಮೀಟರ್ ಬೆಳಕಿನಿಂದ ಎರಡು ರಕ್ಷಕ ಗುಂಪುಗಳನ್ನು ಬೇರೆ ಬೇರೆಯಾಗಿ ಕಳಚಿ ತೋರಿಸಿದರು. ಆ ಜೋಡಿಯ ವಿಶೇಷ ಅಂದರೆ ಯಾವುದನ್ನು ಬೇಕಾದರೂ ಮೊದಲು ಕಳಚಬಹುದು. ಎಲ್ಲ ಜೋಡಿಗಳೂ ಹಾಗಿರುವುದಿಲ್ಲ. ಬಹಳಷ್ಟು ಕಡೆ ಉದ್ದ ತರಂಗಾಂತರವೇ ಮೊದಲು ಬರಬೇಕು, ಇಲ್ಲದಿದ್ದರೆ ಎರಡೂ ಒಟ್ಟಿಗೆ ಕಳಚುತ್ತವೆ.

ಪಾಲಿಮರ್_ಪ್ರಿಯ

ಅದನ್ನು ಸ್ವತಂತ್ರ ಅಂತ ಕರೆಯಲು ನನಗೆ ಮನಸ್ಸಿಲ್ಲ. ಕ್ರಮ ತಪ್ಪಿದರೆ ಕೆಡುತ್ತದೆ ಅಂದಮೇಲೆ ಸ್ವಾತಂತ್ರ್ಯ ಎಲ್ಲಿ ಬಂತು? ಮನೆಯಲ್ಲಿ ಫ್ಯಾನ್ ಸ್ವಿಚ್ ಒತ್ತುವ ಮೊದಲು ಲೈಟ್ ಸ್ವಿಚ್ ಒತ್ತಲೇಬೇಕು ಅಂತಿದ್ದರೆ ನಾವು ವೈರಿಂಗ್ ಸರಿಯಿಲ್ಲ ಅಂತ ಹೇಳುತ್ತೇವೆ. ಮಾಹಿತಿ ಕೂಡಿಡಲು ನಾಲ್ಕು ಸ್ಥಿತಿಗಳ ನೆನಪು (ಮೆಮೊರಿ) ಬೇಕು ಅಂದರೆ ಯಾವ ಸ್ಥಿತಿಯಿಂದ ಯಾವುದಕ್ಕೆ ಬೇಕಾದರೂ ಹೋಗುವಂತಿರಬೇಕು. ಪ್ರಬಂಧಗಳಲ್ಲಿ ಎರಡಕ್ಕೂ ಆರ್ಥಾಗನಲ್, ಅಂದರೆ ಪರಸ್ಪರ ಸ್ವತಂತ್ರ, ಅನ್ನುವ ಒಂದೇ ಹಣೆಪಟ್ಟಿ ಅಂಟಿಸುವುದರಿಂದ ಹೊಸಬರಿಗೆ ಗೊಂದಲ ಆಗುತ್ತಿದೆ.

ಬೆಂಚ್‌ಕೆಮಿಸ್ಟ್

ನೆನಪಿನ ವಿಷಯಕ್ಕೆ ಒಪ್ಪುತ್ತೇನೆ. ಔಷಧದ ವಿಷಯಕ್ಕೆ ಒಪ್ಪುವುದಿಲ್ಲ. 2014ರಲ್ಲಿ ಗ್ರೋನಿಂಗೆನ್‌ನವರೇ ಎರಡು ಆಂಟಿಬಯೋಟಿಕ್‌ಗಳಿಗೆ ಬೇರೆ ಬೇರೆ ರಕ್ಷಕ ಗುಂಪು ಕೂರಿಸಿ, ಎರಡು ಬಗೆಯ ಬ್ಯಾಕ್ಟೀರಿಯಾ ಬೆರೆತ ದ್ರವದಲ್ಲಿ ಬೆಳಕಿನ ಬಣ್ಣದಿಂದಲೇ ಯಾವುದನ್ನು ತಡೆಯಬೇಕು ಅಂತ ಆರಿಸಿದರು. ಅಲ್ಲಿ ಒಮ್ಮೆ ಕಳಚಿದ್ದು ಮತ್ತೆ ಕೂರಬೇಕಿಲ್ಲ. ಕ್ರಮ ಇದ್ದರೂ ನಷ್ಟ ಇಲ್ಲ. ಏನು ಕೆಲಸಕ್ಕೆ ಬೇಕು ಅನ್ನುವುದರ ಮೇಲೆ ಎಷ್ಟು ಸ್ವಾತಂತ್ರ್ಯ ಸಾಕು ಅಂತ ತೀರ್ಮಾನ ಆಗುತ್ತದೆ.

ನರಕೋಶ

ನಾನು ರಸಾಯನಶಾಸ್ತ್ರದವನಲ್ಲ, ನರವಿಜ್ಞಾನದ ಕಡೆಯವನು. ಇದೇ ತೊಡಕು ನಮ್ಮಲ್ಲೂ ಇದೆ. ನಮ್ಮವರು ಕಂಡುಕೊಂಡ ದಾರಿ ನಿಮಗೆ ಉಪಯೋಗ ಆಗಬಹುದು ಅನ್ನಿಸಿತು.

ಆಪ್ಟೋಜೆನೆಟಿಕ್ಸ್‌ನಲ್ಲಿ ಪಾಚಿಗಳಿಂದ ತಂದ ಬೆಳಕು-ಸಂವೇದಿ ಪ್ರೋಟೀನ್‌ಗಳನ್ನು ನರಕೋಶಗಳಲ್ಲಿ ಕೂರಿಸುತ್ತೇವೆ. 2014ರಲ್ಲಿ ಕ್ರೋನೋಸ್ ಮತ್ತು ಕ್ರಿಮ್ಸನ್ ಅನ್ನುವ ಜೋಡಿ ಬಂತು. ಕ್ರಿಮ್ಸನ್‌ನ ತುದಿ 590 ನ್ಯಾನೋಮೀಟರ್, ಕೆಂಪಿಗೂ ಓಗೊಡುತ್ತದೆ. ಕ್ರೋನೋಸ್ ನೀಲಿ-ಹಸಿರಿನದ್ದು. ಕೆಂಪು ಬಿಟ್ಟರೆ ಕ್ರಿಮ್ಸನ್ ಇರುವ ಕೋಶ ಮಾತ್ರ ಮಿಡಿಯುತ್ತದೆ, ಕ್ರೋನೋಸ್ ಸುಮ್ಮನಿರುತ್ತದೆ. ನೀಲಿ ಬಿಟ್ಟರೆ ಇಬ್ಬರೂ ಎಚ್ಚರ. ಮೇಲೆ ಹೇಳಿದ ಅದೇ ಒಂದು ದಿಕ್ಕಿನ ಕಾಟ.

ಇದಕ್ಕೆ ಅವರು ಬಣ್ಣದಲ್ಲಿ ಉತ್ತರ ಹುಡುಕಲಿಲ್ಲ, ತೀವ್ರತೆಯಲ್ಲಿ ಹುಡುಕಿದರು. ಕ್ರೋನೋಸ್ ಬಹಳ ಸೂಕ್ಷ್ಮ, ಬಹಳ ಚುರುಕು. ಮಂದ ನೀಲಿ ಬೆಳಕಿನ ಪುಟ್ಟ ಮಿಂಚು ಸಾಕು, ಅದರ ಕೋಶ ಮಿಡಿಯುತ್ತದೆ. ಅಷ್ಟೇ ಮಂದ ನೀಲಿಯಲ್ಲಿ ಕ್ರಿಮ್ಸನ್ ಒಂದಿಷ್ಟು ತೆರೆದುಕೊಂಡರೂ ಅದರ ಕೋಶ ಮಿಡಿಯುವ ಹೊಸ್ತಿಲು ದಾಟುವುದಿಲ್ಲ. ಗ್ರಾಫ್‌ಗಳು ಒಂದರ ಮೇಲೊಂದು ಬಿದ್ದಿದ್ದರೂ ಕೆಲಸದಲ್ಲಿ ಎರಡೂ ಬೇರೆಯಾದವು.

ಬೆಂಚ್‌ಕೆಮಿಸ್ಟ್

@ನರಕೋಶ, ಇದನ್ನು ಎಲ್ಲ ರಸಾಯನಶಾಸ್ತ್ರದವರೂ ಓದಬೇಕು. ಸ್ವಿಚ್ ಅಣುಗಳಲ್ಲಿ ನರಕೋಶದ ಹಾಗೆ ಹೊಸ್ತಿಲು ಇರುವುದಿಲ್ಲ, ಪ್ರತಿ ಫೋಟಾನ್‌ಗೂ ಲೆಕ್ಕ ಇದೆ. ಆದರೆ ಅಂಥದ್ದೇ ಉಪಾಯಕ್ಕೆ ನಮ್ಮಲ್ಲಿ ಇನ್ನೊಂದು ದಾರಿ ಇದೆ, ಅದು ವಾಪಸ್ ಬರುವ ವೇಗ.

ಒಂದು ಸ್ವಿಚ್ ಕತ್ತಲಲ್ಲಿ ಸೆಕೆಂಡುಗಳಲ್ಲಿ ವಾಪಸ್ ಬರುತ್ತದೆ, ಇನ್ನೊಂದಕ್ಕೆ ದಿನಗಳು ಬೇಕು ಅಂದುಕೊಳ್ಳಿ. ಎರಡೂ ಒಂದೇ ಬಣ್ಣವನ್ನು ಸ್ವಲ್ಪ ಸ್ವಲ್ಪ ಹೀರುತ್ತವೆ. ಮಂದ ಬೆಳಕನ್ನು ತುಂಬಾ ಹೊತ್ತು ಬಿಟ್ಟರೆ, ಮೊದಲನೆಯದು ತಿರುಗಿದಷ್ಟೂ ವಾಪಸ್ ಬರುತ್ತಾ ಇರುತ್ತದೆ, ಶೇಖರಣೆ ಆಗುವುದಿಲ್ಲ. ಎರಡನೆಯದು ತಿರುಗಿದ್ದು ತಿರುಗಿದ ಹಾಗೇ ನಿಲ್ಲುತ್ತದೆ, ಒಂದೊಂದೇ ಅಣು ಜಮೆಯಾಗುತ್ತಾ ಹೋಗುತ್ತದೆ. ಅದೇ ಬೆಳಕನ್ನು ಜೋರಾಗಿ ಒಂದು ಕ್ಷಣ ಬಿಟ್ಟರೆ ಎರಡೂ ತಿರುಗುತ್ತವೆ, ಆದರೆ ಸ್ವಲ್ಪ ಕಾದರೆ ಮೊದಲನೆಯದು ತನ್ನಷ್ಟಕ್ಕೆ ಮರಳಿಬಿಟ್ಟಿರುತ್ತದೆ. ಹೀಗೆ ಬಣ್ಣದ ಜೊತೆಗೆ ಬೆಳಕಿನ ಜೋರು, ಬಿಟ್ಟ ಹೊತ್ತು, ಕಾದ ಹೊತ್ತು ಇವೆಲ್ಲ ನಮ್ಮ ಕೈಯಲ್ಲಿರುವ ಹಿಡಿಗಳು. ಡಾಸಾ ಜೋಡಿ ಅಷ್ಟು ಚೆನ್ನಾಗಿ ನಡೆಯಲು ಅರ್ಧ ಕಾರಣ ಅದರ ತಗ್ಗು, ಇನ್ನರ್ಧ ಕಾರಣ ಅದು ತಾನಾಗಿಯೇ ವಾಪಸ್ ಬರುವುದು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಣ್ಣಗಳನ್ನು ದೂರ ದೂರ ಎಳೆಯುವುದಕ್ಕೇ ಎಲ್ಲರೂ ತಲೆ ಕೊಡುತ್ತಿದ್ದಾರೆ. ವೇಗಗಳನ್ನು ದೂರ ಎಳೆಯುವುದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಪಟ್ಟಿಯ ಅಗಲ ಇರುವುದೇ 300 ನ್ಯಾನೋಮೀಟರ್ ಚಿಲ್ಲರೆ. ಅದರೊಳಗೆ ಅಗಲ ಗುಡ್ಡಗಳನ್ನು ಎಷ್ಟು ಅಂತ ತುಂಬಿಸಲು ಆಗುತ್ತದೆ? ವೇಗಕ್ಕೆ ಅಂಥ ಇಕ್ಕಟ್ಟಿಲ್ಲ. ಅಜೋಬೆಂಜೀನ್ ಒಂದೇ ಕುಟುಂಬದಲ್ಲಿ ಸೆಕೆಂಡಿನ ಸಣ್ಣ ಭಾಗದಲ್ಲಿ ಮರಳುವವೂ ಇವೆ, ವರ್ಷಗಟ್ಟಲೆ ನಿಲ್ಲುವವೂ ಇವೆ.

ಹೊಸ_ಓದುಗ

ವರ್ಷಗಟ್ಟಲೆ? ಸಾಧಾರಣ ಅಜೋಬೆಂಜೀನ್ ಕೆಲವೇ ದಿನಗಳಲ್ಲಿ ಮರಳುತ್ತದೆ ಅಂತ ಓದಿದ್ದೆ.

ಬೆಂಚ್‌ಕೆಮಿಸ್ಟ್

ಸಾಧಾರಣದ್ದು ಹಾಗೆಯೇ, ಕೋಣೆಯ ಉಷ್ಣತೆಯಲ್ಲಿ ಅರ್ಧಾಯು, ಅಂದರೆ ಅರ್ಧದಷ್ಟು ಅಣುಗಳು ಮರಳಲು ಹಿಡಿಯುವ ಹೊತ್ತು, ಕೆಲವು ದಿನ. 1937ರಲ್ಲಿ ಹಾರ್ಟ್ಲಿ ಸಿಸ್ ರೂಪವನ್ನು ಮೊದಲ ಬಾರಿ ಬೇರ್ಪಡಿಸಲು ಆಗಿದ್ದೂ ಅದು ಅಷ್ಟು ಹೊತ್ತು ನಿಂತಿದ್ದರಿಂದಲೇ. 2012ರಲ್ಲಿ ಸ್ಟೆಫಾನ್ ಹೆಕ್ಟ್ ಅವರ ಗುಂಪು ನೈಟ್ರೋಜನ್ ಸೇತುವೆಯ ಪಕ್ಕದ ನಾಲ್ಕೂ ಜಾಗಗಳಲ್ಲಿ ಫ್ಲೋರಿನ್ ಕೂರಿಸಿತು. ಅದರ ಸಿಸ್ ರೂಪದ ಅರ್ಧಾಯು ಸುಮಾರು 2 ವರ್ಷ. ಇನ್ನೊಂದು ಲಾಭ ಅಂದರೆ ಯುವಿ ಬೇಡವೇ ಬೇಡ. ಹಸಿರಿನಲ್ಲಿ ಸಿಸ್, ನೀಲಿಯಲ್ಲಿ ಟ್ರಾನ್ಸ್. 2014ರಲ್ಲಿ ಮ್ಯಾಥ್ಯೂ ಫುಕ್ಟರ್ ಅವರ ಗುಂಪು ತಂದ ಅರೈಲ್‌ಅಜೋಪೈರಜೋಲ್‌ಗಳಲ್ಲಿ ಕೆಲವಕ್ಕೆ ಅರ್ಧಾಯು ಸುಮಾರು 1000 ದಿನ.

ಇವುಗಳಿಂದ ಇನ್ನೊಂದು ನೋವೂ ಕಡಿಮೆಯಾಯಿತು. ಯಾವ ಬೆಳಕು ಬಿಟ್ಟರೂ ಸಾಮಾನ್ಯವಾಗಿ ಸಿಸ್, ಟ್ರಾನ್ಸ್ ಎರಡೂ ಅದನ್ನು ಹೀರುತ್ತವೆ. ಹೋಗುವವು ಹೋಗುತ್ತಾ, ಬರುವವು ಬರುತ್ತಾ ಒಂದು ಸಮತೋಲಕ್ಕೆ ಬಂದು ನಿಲ್ಲುತ್ತದೆ. ಪೂರ್ತಿ ನೂರಕ್ಕೆ ನೂರು ತಿರುಗುವುದಿಲ್ಲ. ಒಂದು ಸ್ವಿಚ್ ಇದ್ದಾಗ 90% ಅಂದರೆ ಚೆನ್ನಾಗಿದೆ ಅನ್ನಿಸುತ್ತದೆ. ಒಂದೇ ಅಣುವಿನಲ್ಲಿ ಮೂರು ಸ್ವಿಚ್ ಇದ್ದು, ಮೂರೂ 90% ಆದರೆ, ಮೂರೂ ಸರಿಯಾಗಿ ಕೂತ ಅಣುಗಳು 73% ಮಾತ್ರ. ಅದೇ 98% ಆದರೆ 94%. ಪೈರಜೋಲ್ ಜಾತಿಯವು ಒಳ್ಳೆಯ ಬೆಳಕಿನಲ್ಲಿ 98% ದಾಟುತ್ತವೆ. ಬಹುಸ್ವಿಚ್ ವ್ಯವಸ್ಥೆಗಳಿಗೆ ಈ ಅಂಕಿ ಜೀವಾಳ.

ಕಣ್ಣಿನ_ಕಥೆ

ಇಷ್ಟೆಲ್ಲ ಮಾತಾಡಿದ ಮೇಲೆ ಕಣ್ಣಿನ ವಿಷಯ ಬರದಿದ್ದರೆ ಹೇಗೆ? ನಮ್ಮ ಕಣ್ಣಿನ ಮೂರು ಬಗೆಯ ಕೋನ್ ಕೋಶಗಳು ಮೂರು ಬೇರೆ ಬೇರೆ ಸ್ವಿಚ್ ಅಣು ಬಳಸುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಮೂರರಲ್ಲೂ ಇರುವುದು ಅದೇ ರೆಟಿನಾಲ್. ಬೆಳಕು ಬಿದ್ದಾಗ 11-ಸಿಸ್ ರೂಪದಿಂದ ಪೂರ್ತಿ ಟ್ರಾನ್ಸ್ ರೂಪಕ್ಕೆ ನೆಟ್ಟಗಾಗುತ್ತದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ರೊಡಾಪ್ಸಿನ್ ಪ್ರೋಟೀನ್‌ನಲ್ಲಿ ಇದು ಸುಮಾರು 200 ಫೆಮ್ಟೋಸೆಕೆಂಡಿನಲ್ಲಿ ಮುಗಿಯುತ್ತದೆ. ಸುತ್ತ ಹಿಡಿದುಕೊಂಡಿರುವ ಆಪ್ಸಿನ್ ಪ್ರೋಟೀನಿನ ಅಮೈನೋ ಆಮ್ಲಗಳು ಬದಲಾದರೆ ಅದೇ ರೆಟಿನಾಲ್‌ನ ತುದಿ 420ಕ್ಕೋ, 530ಕ್ಕೋ, 560ಕ್ಕೋ ಸರಿಯುತ್ತದೆ. ಅಣು ಒಂದೇ, ನೆರೆಹೊರೆ ಬೇರೆ.

ಇನ್ನೂ ಸ್ವಾರಸ್ಯ ಏನಂದರೆ 530 ಮತ್ತು 560ರ ಗುಡ್ಡಗಳು ಬಹುಪಾಲು ಒಂದರ ಮೇಲೊಂದು ಬಿದ್ದಿವೆ. ನಿಮ್ಮ ಲೆಕ್ಕದಲ್ಲಿ ಇದು ತೀರಾ ಕೆಟ್ಟ ಜೋಡಿ. ಹಸಿರು ಬೆಳಕು ಬಿದ್ದರೆ ಎರಡೂ ತಿರುಗುತ್ತವೆ. ಆದರೂ ನಾವು ಕೆಂಪನ್ನೂ ಹಸಿರನ್ನೂ ಬೇರೆ ಮಾಡಿ ನೋಡುತ್ತೇವೆ, ಯಾಕಂದ್ರೆ ಅಕ್ಷಿಪಟಲದ ನರಜಾಲ ಎರಡರ ಉತ್ತರವನ್ನು ಹೋಲಿಸಿ ವ್ಯತ್ಯಾಸ ತೆಗೆಯುತ್ತದೆ. ಅಣುಗಳ ಮಟ್ಟದಲ್ಲಿ ಸ್ವಾತಂತ್ರ್ಯ ಇಲ್ಲದಿದ್ದರೂ ಲೆಕ್ಕದ ಮಟ್ಟದಲ್ಲಿ ತಂದುಕೊಂಡಿದೆ. ಓದುವ ಸಾಧನಗಳಿಗೆ, ಅಂದರೆ ಸೆನ್ಸರ್‌ಗಳಿಗೆ, ಇಷ್ಟೇ ಸಾಕಾಗಬಹುದಲ್ವಾ?

ಪಾಲಿಮರ್_ಪ್ರಿಯ

ಸೆನ್ಸರ್‌ಗೆ ಸಾಕು. ಔಷಧಕ್ಕೆ, ಮೋಟಾರಿಗೆ ಸಾಲದು. ತಿರುಗಿದ ಅಣು ಅಲ್ಲೇ ಕೆಲಸ ಮಾಡಿಬಿಡುತ್ತದೆ, ಆಮೇಲೆ ಕಳೆಯುವ ಲೆಕ್ಕ ಹಾಕಲು ಯಾರೂ ಇರುವುದಿಲ್ಲ.

ಫೋಟಾನ್_ಬೇಟೆ

ನೆರೆಹೊರೆ ಅಂದಿರಲ್ಲ, ಅಲ್ಲಿಂದಲೇ ಒಂದು ಎಚ್ಚರಿಕೆ. ಇಲ್ಲಿಯವರೆಗಿನ ಮಾತು ಎರಡು ಸ್ವಿಚ್‌ಗಳು ದ್ರಾವಣದಲ್ಲಿ ದೂರ ದೂರ ಈಜುತ್ತಿವೆ ಅನ್ನುವ ಹಾಗಿದೆ. ಅವನ್ನು ಒಂದೇ ಅಣುವಿನಲ್ಲಿ ಹೊಲಿದರೆ ಕಥೆ ಬೇರೆ. ಒಂದು ಸ್ವಿಚ್ ಬೆಳಕು ಹೀರುತ್ತದೆ, ತಿರುಗುವ ಮೊದಲೇ ಆ ಶಕ್ತಿಯನ್ನು ಪಕ್ಕದ್ದಕ್ಕೆ ದಾಟಿಸಿಬಿಡುತ್ತದೆ. ಕೆಲವು ನ್ಯಾನೋಮೀಟರ್ ದೂರದಲ್ಲೂ ಇದು ನಡೆಯುತ್ತದೆ. ಶಕ್ತಿ ಯಾವಾಗಲೂ ಇಳಿಜಾರಿನ ಕಡೆಗೆ, ಅಂದರೆ ಹೆಚ್ಚು ಕೆಂಪನ್ನು ಹೀರುವ ಸ್ವಿಚ್ಚಿನ ಕಡೆಗೆ ಹರಿಯುತ್ತದೆ.

ಇದನ್ನು ಎರಡು ಡೈಅರೈಲ್‌ಈಥೀನ್ ಜೋಡಿಸಿದ ಅಣುಗಳಲ್ಲಿ ಚೆನ್ನಾಗಿ ಕಂಡಿದ್ದಾರೆ. ಯುವಿ ಬಿಟ್ಟರೆ ಮೊದಲ ಉಂಗುರ ಮುಚ್ಚಿಕೊಳ್ಳುತ್ತದೆ, ಬಣ್ಣ ಬರುತ್ತದೆ. ಎರಡನೆಯದು ಎಷ್ಟು ಹೊತ್ತು ಬೆಳಕು ಬಿಟ್ಟರೂ ಬಹಳ ಸಲ ಮುಚ್ಚುವುದೇ ಇಲ್ಲ. ಅದು ಹೀರಿದ ಶಕ್ತಿಯೆಲ್ಲ ಆಗಲೇ ಮುಚ್ಚಿದ ಮೊದಲನೆಯದಕ್ಕೆ ಹರಿದುಹೋಗುತ್ತದೆ. ಹೀರುವಿಕೆಯ ಗ್ರಾಫ್ ನೋಡಿ ಇದನ್ನು ಊಹಿಸಲು ಆಗುವುದಿಲ್ಲ.

ಡಾಸಾ-ಅಜೋಬೆಂಜೀನ್ ಜೋಡಿಯನ್ನು ಒಂದೇ ಅಣುವಿನಲ್ಲಿ ಕೂರಿಸಿಯೂ ತೋರಿಸಿದ್ದಾರೆ ಅನ್ನುವುದು ನನ್ನ ಕಣ್ಣಲ್ಲಿ ಆ ಪ್ರಬಂಧದ ದೊಡ್ಡ ಸಾಧನೆ. ಅಜೋಬೆಂಜೀನ್ ಬೆಳಕು ಹೀರಿದ ಮೇಲೆ ಪಿಕೋಸೆಕೆಂಡುಗಳಲ್ಲೇ ತನ್ನ ಕೆಲಸ ಮುಗಿಸುತ್ತದೆ. ಶಕ್ತಿ ಸೋರಲು ಪುರುಸೊತ್ತು ಕಡಿಮೆ. ಚುರುಕಾದ ಸ್ವಿಚ್‌ಗಳನ್ನು ಆರಿಸಿ ಅಂತ ನಾನು ಹೇಳುವುದು ಅದಕ್ಕೇ.

ಹೊಸ_ಓದುಗ

ಮೈಯೊಳಗೆ ಬಳಸುವ ಮಾತು ಬಂದಾಗ ಈ ಬಣ್ಣಗಳ ಆಟ ನಡೆಯುತ್ತದಾ? ಯುವಿ ಚರ್ಮ ದಾಟುವುದೇ ಇಲ್ಲವಲ್ಲ.

ನರಕೋಶ

ಸರಿಯಾಗಿ ಹಿಡಿದಿರಿ. ಯುವಿ ಒಂದು ಮಿಲಿಮೀಟರ್ ಕೂಡ ಒಳಗೆ ಹೋಗುವುದಿಲ್ಲ. ನೀಲಿ-ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗುತ್ತದೆ. ಸುಮಾರು 650ರಿಂದ 900ರ ತನಕದ ಕಿಟಕಿ ಮಾತ್ರ ತಕ್ಕಮಟ್ಟಿಗೆ ತೆರೆದಿದೆ. ಎರಡು ಸ್ವಿಚ್‌ಗಳನ್ನು ಅಷ್ಟರೊಳಗೇ ಕೂರಿಸಬೇಕು ಅಂದರೆ ಇಕ್ಕಟ್ಟು ಇನ್ನೂ ಜಾಸ್ತಿ. ಕಣ್ಣು ಇದಕ್ಕೆ ಹೊರತು, ಬೆಳಕು ಒಳಗೆ ಹೋಗಲೆಂದೇ ಆದ ಅಂಗ ಅದು. ಬೆಳಕಿನ ಸ್ವಿಚ್ ಇರುವ ಔಷಧದ ಪ್ರಯೋಗ ಮನುಷ್ಯರಲ್ಲಿ ಶುರುವಾಗಿರುವುದೂ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆಗೆ. ಅದು ಒಂದೇ ಸ್ವಿಚ್ಚಿನದ್ದು.

ಮಳೆಬಿಲ್ಲು

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು. ಯಾರಾದರೂ 'ನಮ್ಮ ಎರಡು ಸ್ವಿಚ್‌ಗಳು ಸ್ವತಂತ್ರ' ಅಂತ ಬರೆದರೆ ಅದು ನಿಜವೋ ಅಲ್ಲವೋ ಅಂತ ಅವರ ಗ್ರಾಫ್‌ಗಳಲ್ಲಿ ಏನು ನೋಡಬೇಕು?

ಬೆಂಚ್‌ಕೆಮಿಸ್ಟ್

ಮೊದಲು, ಪ್ರತಿ ಸ್ವಿಚ್ಚನ್ನು ಒಂಟಿಯಾಗಿ ಇಟ್ಟು, ಇನ್ನೊಂದರ ಬೆಳಕನ್ನು ಅದರ ಮೇಲೆ ಬಿಟ್ಟಿದ್ದಾರಾ ನೋಡಿ. ತನ್ನದಲ್ಲದ ಬೆಳಕಿನಲ್ಲಿ ಅದು ಎಷ್ಟು ಅಲುಗಿತು ಅನ್ನುವ ಅಂಕಿ ಇರಬೇಕು. ಬರೀ 'ಬದಲಾವಣೆ ಕಾಣಲಿಲ್ಲ' ಅಂದರೆ ಸಾಲದು, ಎಷ್ಟು ಹೊತ್ತು ಬಿಟ್ಟರು ಅನ್ನುವುದು ಮುಖ್ಯ. ಒಂದು ನಿಮಿಷದಲ್ಲಿ ಕಾಣದ್ದು ಒಂದು ಗಂಟೆಯಲ್ಲಿ ಕಾಣಬಹುದು.

ಆಮೇಲೆ ಮಿಶ್ರಣ. ಅಜೋಬೆಂಜೀನ್ ಮಾತ್ರ ತಿರುಗುತ್ತಿದ್ದರೆ ಅದರ ಗ್ರಾಫ್‌ಗಳೆಲ್ಲ ಒಂದೆರಡು ತರಂಗಾಂತರಗಳಲ್ಲಿ ಒಂದೇ ಬಿಂದುವಿನ ಮೂಲಕ ಹಾದುಹೋಗುತ್ತವೆ. ಅದು ಐಸೋಸ್ಬೆಸ್ಟಿಕ್ ಬಿಂದು. ಎರಡೇ ರೂಪಗಳು ಒಂದಕ್ಕೊಂದು ಬದಲಾಗುತ್ತಿವೆ ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಮಿಶ್ರಣದಲ್ಲೂ ಆ ಬಿಂದು ಬಿಗಿಯಾಗಿ ನಿಂತಿದ್ದರೆ ಒಳ್ಳೆಯದು. ಗೆರೆಗಳು ಅಲ್ಲಿ ಮೆಲ್ಲಗೆ ಜಾರತೊಡಗಿದ್ದರೆ ಮೂರನೆಯದು ಏನೋ ಒಳಗೆ ಸೇರಿದೆ, ಎರಡನೆಯ ಸ್ವಿಚ್ ಅಲುಗುತ್ತಿದೆ ಅಥವಾ ಏನೋ ಕೊಳೆಯುತ್ತಿದೆ.

ದ್ರಾವಣ ಎಷ್ಟು ಗಟ್ಟಿ ಅನ್ನುವುದನ್ನೂ ನೋಡಿ. ಒಂದು ಬಣ್ಣದಲ್ಲಿ ಅಬ್ಸಾರ್ಬೆನ್ಸ್ (ಹೀರುವಿಕೆಯ ಅಳತೆ) 1 ಇದ್ದರೆ ಬೆಳಕಿನ 90% ಆಚೆ ತಲುಪುವ ಮೊದಲೇ ಹೀರಿ ಮುಗಿದಿರುತ್ತದೆ. ಒಂದು ಸ್ವಿಚ್ ಇನ್ನೊಂದಕ್ಕೆ ನೆರಳು ಕೊಟ್ಟು ಕಾಪಾಡಿದರೆ ಅದೂ ಗ್ರಾಫ್‌ನಲ್ಲಿ ಸ್ವಾತಂತ್ರ್ಯದ ಹಾಗೇ ಕಾಣುತ್ತದೆ. ಅದೇ ಮಿಶ್ರಣವನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಅಳೆದಿದ್ದಾರಾ ಅಂತ ಪೂರಕ ಮಾಹಿತಿಯ ಪುಟಗಳಲ್ಲಿ ಹುಡುಕಿ. ನಾನು ಅಂಥ ಪ್ರಬಂಧ ಕೈಗೆ ಬಂದರೆ ಮೊದಲು ತೆರೆಯುವುದು ಆ ಪುಟಗಳನ್ನೇ.

ಪಾಲಿಮರ್_ಪ್ರಿಯ

ಜೊತೆಗೆ ಎರಡೂ ಕ್ರಮದಲ್ಲಿ ಮಾಡಿದ್ದಾರಾ ಅಂತ. ಕೆಂಪು ಮೊದಲು ಒಂದು ಸಲ, ಯುವಿ ಮೊದಲು ಇನ್ನೊಂದು ಸಲ. ಎರಡರಲ್ಲೂ ಕೊನೆಗೆ ಒಂದೇ ಗ್ರಾಫ್ ಬರಬೇಕು.